ಕಷ್ಟಪಟ್ಟು ಸೋಲುವ ವಿದ್ಯೆ

ಮೇಘನಾ, ಪ್ರಣವ, ನಾಲ್ಕು ಜನರ ಮುಂದೆ ಮಾತಾಡು ಎಂದರೆ ನಿಮ್ಮ ಅಜ್ಜಿಗೆ ನಾಲಿಗೆ ಒಣಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ನಡುವೆ ಬಾಯಿ ಹಾಕುವುದಿಲ್ಲ, ಮುಖ್ಯವಾಗಿ ನಿಮ್ಮಪ್ಪ "ಅಮ್ಮ, ಇದೆಲ್ಲ ನಿನಗೆ ಅರ್ಥ ಆಗಲ್ಲ ಬಿಡು" ಎನ್ನುವುದಿಲ್ಲ. ನಾನು ಓದಿದ್ದು ತಿಪಟೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ಅಷ್ಟರಲ್ಲಿ ನಾನು ಕಲಿತದ್ದು ಇಷ್ಟೇ: ಆಟ ಎಂದರೆ ಗೆಲ್ಲುವುದಕ್ಕೆ ಆಡುವುದು, ಆಗದಿದ್ದರೆ ಸೋಲುವುದು. ಅಲ್ಲಿ ಸೋತ ತಂಡ ಬಾವಿಯಿಂದ ನೀರು ಸೇದಿ ಶಾಲೆಯ ಗಿಡಗಳಿಗೆಲ್ಲ ಹಾಕಬೇಕಿತ್ತು, ಆದ್ದರಿಂದ ಸೋಲಿನಲ್ಲಿ ಏನೋ ಲಾಭವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಸೋಲುವುದಕ್ಕೆಂದೇ ಆಡುವ ಉನ್ನತ ವಿದ್ಯೆಯೊಂದಿದೆ ಎಂದು ತಿಳಿಯಲು ನಾನು ವಿಧವೆಯಾಗಿ, ವಿಮಾನ ಹತ್ತಿ, ಸ್ವೀಡನ್ನಿನ ನಾರ್‌ಶೋಪಿಂಗಿಗೆ ಬರಬೇಕಾಯಿತು.

ಸ್ವೀಡನ್ನಿಗೆ ಬರುವ ಮೊದಲು ನಿಮ್ಮಪ್ಪ ಶ್ರೀಧರ ಎರಡು ವರ್ಷ ಅಮೆರಿಕದಲ್ಲಿದ್ದ. ಅಲ್ಲಿಂದ ಜನ ಚಾಕೊಲೇಟು, ಸೆಂಟು ತರುತ್ತಾರೆ. ಇವನು ಅಲ್ಲಿನ ಒಂದು ಫುಟ್‌ಬಾಲ್ ತಂಡದ ಅಭಿಮಾನವನ್ನು ತಂದ. ಆ ಆಟದಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಉಳಿದವರು ಮೇಲೆ ಬೀಳುತ್ತಾರೆ. ಇವನ ತಂಡದವರ ಮೇಲೆ ಸ್ವಲ್ಪ ಹೆಚ್ಚಾಗಿಯೇ ಬೀಳುತ್ತಿದ್ದರು. ಭಾನುವಾರ ಸಂಜೆ ಕಂಪ್ಯೂಟರಿನ ಮುಂದೆ ಕೂತು ಅದನ್ನು ನೋಡುತ್ತಿದ್ದ ಅವನು, ಒಂದು ಸಲ ಮುಖ ಇಳಿಬಿಟ್ಟುಕೊಂಡು ಬಂದು, ಬಡಿಸಿದ ಚಿತ್ರಾನ್ನ ಮುಟ್ಟದೆ ಎದ್ದುಹೋದ. ಆಫೀಸಿನಲ್ಲಿ ಏನಾದರೂ ಆಯಿತೋ ಎಂದು ನನಗೆ ಗಾಬರಿ. ನಿಮ್ಮಮ್ಮ ಸುಮಾ ಸಾರಿಗೆ ಒಗ್ಗರಣೆ ಹಾಕುತ್ತ, "ಏನಿಲ್ಲ ಅತ್ತೆ, ಅವರ ಟೀಮ್ ಗೆದ್ದುಬಿಡ್ತಂತೆ. ಅದಕ್ಕೆ ಸೂತಕ," ಎಂದಳು.

ಆಮೇಲೆ ನಿಮ್ಮಪ್ಪನೇ ನನಗೆ ಪಾಠ ಮಾಡಿದ. ಅಲ್ಲಿ ಆ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ, ಮುಂದಿನ ವರ್ಷ ಕಾಲೇಜಿನಿಂದ ಬರುವ ಹೊಸ ಆಟಗಾರರಲ್ಲಿ ಮೊದಲನೆಯವನನ್ನು ಆರಿಸಿಕೊಳ್ಳುವ ಹಕ್ಕಂತೆ. ಹಾಗಾಗಿ ಹೇಗೂ ಸೋಲುತ್ತಿರುವವರು ಅರ್ಧಂಬರ್ಧ ಸೋಲುವುದು ದಡ್ಡತನ, ಪೂರ್ತಿ ಸೋಲುವುದು ಜಾಣತನ.

"ಅಲ್ಲ ಕಣೋ, ಟಿಕೆಟ್ ತಗೊಂಡು ಚಳೀಲಿ ಬಂದು ಕೂತಿರ್ತಾರಲ್ಲ, ಅವರು?"

"ಅವರಿಗೂ ಗೊತ್ತಮ್ಮ. ಲಾಂಗ್ ಟರ್ಮ್ ಯೋಚನೆ ಮಾಡ್ಬೇಕು."

"ಮತ್ತೆ ಇವತ್ತು ಬಿದ್ದು ಎದ್ದು ಸೋಲ್ತಿರೋ ಹುಡುಗರು? ನಾಳೆ ಆ ಜಾಣ ಬಂದ ಮೇಲೆ ಅವರು ಇರ್ತಾರಾ?"

"ಕೆಲವರನ್ನ ಬಿಡ್ತಾರೆ. ಇಟ್ಸ್ ಎ ಬಿಸಿನೆಸ್ ಅಮ್ಮ."

ತನ್ನ ಜಾಗಕ್ಕೆ ಬರುವವನಿಗಾಗಿ ತಾನೇ ಮೈಕೈ ಮುರಿದುಕೊಂಡು ಸೋಲುವುದು. ಇಷ್ಟು ದೊಡ್ಡ ತ್ಯಾಗವನ್ನು ನಾನು ಹರಿಕಥೆಯಲ್ಲೂ ಕೇಳಿರಲಿಲ್ಲ.

ಆ ದಿನದಿಂದ ನನಗೊಂದು ಅನುಮಾನ ಹತ್ತಿಕೊಂಡಿತು. ನಿಮ್ಮ ತಾತ ಚೌಕಾಬಾರದಲ್ಲಿ ನನ್ನೆದುರು ಯಾವಾಗಲೂ ಸೋಲುತ್ತಿದ್ದರು. ಪಾಪ ಎಂದುಕೊಂಡು, ಸೋತವರಿಗೆ ಮರುದಿನ ಕಾವಲಿಯ ಮೊದಲ ಗರಿಗರಿ ದೋಸೆ ಎಂದು ನಾನೇ ನಿಯಮ ಮಾಡಿದ್ದೆ. ಮದುವೆಯಾದಾಗಿನಿಂದ ಮೊದಲ ದೋಸೆ ತಿಂದವರು ಅವರೇ. ನಾನು ಮಾತ್ರ ಕವಡೆ ಬಿಡುವ ನನ್ನ ಕೈಚಳಕವನ್ನು ಅಕ್ಕಪಕ್ಕದವರಿಗೆ ಹೇಳಿಕೊಂಡು ಓಡಾಡಿದೆ. ಈಗ ಕೇಳೋಣವೆಂದರೆ ಅವರಿಲ್ಲ.

ಈ ಪಾಠ ಕಂಪ್ಯೂಟರಿನೊಳಗೇ ಇದ್ದಿದ್ದರೆ ನನಗೇನೂ ತೊಂದರೆಯಿರಲಿಲ್ಲ. ಆದರೆ ಇಲ್ಲಿನ ಕನ್ನಡದ ಕುಟುಂಬಗಳು ಯುಗಾದಿಗೆ ಕೊಮ್ಯೂನಿನ, ಅಂದರೆ ಇಲ್ಲಿನ ಪುರಸಭೆಯ, ಆಟದ ಹಾಲ್ ಬಾಡಿಗೆಗೆ ಹಿಡಿದು, ಹೋಳಿಗೆ ಊಟಕ್ಕೆ ಮುಂಚೆ ಲಗೋರಿ ಆಡುತ್ತಾರಲ್ಲ, ಅಲ್ಲಿಗೂ ನಿಮ್ಮಪ್ಪ ಅದನ್ನು ಹೊತ್ತುಕೊಂಡು ಹೋದ. ನಾಲ್ಕು ತಂಡ, ನಾಲ್ಕಕ್ಕೂ ನದಿಗಳ ಹೆಸರು. ನಮ್ಮದು ಕಪಿಲಾ, ನಿಮ್ಮಪ್ಪ ನಾಯಕ. ಕೊನೆಗೆ ಬಂದ ತಂಡಕ್ಕೆ ಮುಂದಿನ ಯುಗಾದಿಯಲ್ಲಿ ಯಾರನ್ನು ಬೇಕಾದರೂ ಆರಿಸಿಕೊಳ್ಳುವ ಮೊದಲ ಸರದಿ ಸಿಗಲಿ ಎಂದು ಇವನು ಸೂಚಿಸಿದ, ಇಲ್ಲಿನವರು ಫಿಕಾ ಎನ್ನುವ ಬಿಡುವಿನ ಹೊತ್ತಿನ ಕಾಫಿ ಕುಡಿಯುತ್ತ ಎಲ್ಲರೂ ಒಪ್ಪಿದರು. ಸಾಫ್ಟ್‌ವೇರಿನವರು ಹೊಸ ನಿಯಮ ಎಂದರೆ ಬೇಡ ಎನ್ನುವುದಿಲ್ಲ.

ಅದೇ ಹೊತ್ತಿಗೆ ಸುದ್ದಿ ಬಂತು. ಸ್ವೀಡನ್ನಿನ ಉತ್ತರದ ಲುಲೆಯೊದಲ್ಲಿ ಓದುತ್ತಿದ್ದ ಶಶಾಂಕ ಎಂಬ ಹುಡುಗ ಬೇಸಿಗೆಯಲ್ಲಿ ಕೆಲಸಕ್ಕೆ ನಮ್ಮೂರಿಗೆ ಬರುತ್ತಾನೆ, ಕಾಲೇಜಿನಲ್ಲಿ ಖೋಖೋ ಆಡಿದವನು ಎಂದು. ಇಂಟರ್ವ್ಯೂಗೆ ಬಂದಿದ್ದಾಗ ಐಸಿನ ಮೇಲೆ ಓಡಿ ಬಸ್ ಹಿಡಿದನಂತೆ. ಐಸಿನ ಮೇಲೆ ಓಡಿ, ಬೀಳದೆ, ಬಸ್ಸನ್ನೂ ಹಿಡಿದ ಕನ್ನಡಿಗನನ್ನು ನಾರ್‌ಶೋಪಿಂಗಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ನಿಮ್ಮಪ್ಪ ಆಗಲೇ ಸೋಲುವ ಸಂಕಲ್ಪ ಮಾಡಿದ.

ಮೇಘನಾ, ನಿನಗೆ ಆಗ ಎಂಟು ವರ್ಷ, ಪ್ರಣವ ಇನ್ನೂ ಕೈಗೂಸು. ನೀನು ಹೋಗುತ್ತಿದ್ದ ಫುಟ್‌ಬಾಲ್ ಕ್ಲಾಸಿನ ಟೀಚರ್ ಗೋಲು ಎಣಿಸುತ್ತಿರಲಿಲ್ಲ, ಎಲ್ಲರೂ ಗೆದ್ದವರೇ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದಳು. ನೀನು ಕಾರು ಹತ್ತಿದ ಕೂಡಲೇ "ಐದು ಎರಡು, ನಾವು ಸೋತ್ವಿ" ಎನ್ನುತ್ತಿದ್ದೆ. ಕಪಿಲಾ ಅದುವರೆಗೆ ಒಂದು ಆಟವನ್ನೂ ಗೆದ್ದಿರಲಿಲ್ಲ. ಈ ಯುಗಾದಿಗೆ ಒಂದೇ ಒಂದು ಗೆದ್ದರೆ ಸಾಕು ಎಂದು ನೀನು ಸಾಕ್ಸು ಸುತ್ತಿದ ಚೆಂಡು ಹಿಡಿದು ಹಜಾರದಲ್ಲಿ ನನಗೂ ಅಭ್ಯಾಸ ಮಾಡಿಸಿದ್ದೆ. ಇತ್ತ ನಿಮ್ಮಪ್ಪ ನನ್ನನ್ನು ತಂಡಕ್ಕೆ ಸೇರಿಸಿಕೊಂಡಾಗ ನಾನು ಸಂತೋಷಪಟ್ಟೆ. ಯಾಕೆ ಸೇರಿಸಿಕೊಂಡ ಎಂದು ಹೊಳೆದದ್ದು ಆಟದ ಹಾಲ್‌ಗೆ ಹೋದ ಮೇಲೆ.

ಕೊನೆಯ ಆಟ ನಮಗೂ ತುಂಗಾ ತಂಡಕ್ಕೂ. ಇಬ್ಬರೂ ಉಳಿದದ್ದೆಲ್ಲ ಸೋತಿದ್ದೆವು. ಇದರಲ್ಲಿ ಸೋತವರಿಗೆ ಶಶಾಂಕ. ತುಂಗಾದ ನಾಯಕ ದಾವಣಗೆರೆಯ ಗಂಗಾಧರನೂ ಅಮೆರಿಕ ನೋಡಿ ಬಂದವನೇ. ನೆಲ ಕೆಡುತ್ತದೆಂದು ಹಾಲ್‌ನ ಕಾವಲಿನವನು ಕಲ್ಲು ಬಿಟ್ಟಿರಲಿಲ್ಲ, ಏಳು ಮರದ ಬಿಲ್ಲೆ ಪೇರಿಸಿದ್ದರು. ನಮ್ಮ ಕಡೆ ಎಸೆದ ದೊಡ್ಡವರ ಚೆಂಡೆಲ್ಲ ಬಿಲ್ಲೆ ಬಿಟ್ಟು ಗೋಡೆಗೆ ಹೋಯಿತು. ನನ್ನ ಸರದಿ ಬಂದಾಗ ನಿಮ್ಮಪ್ಪ, "ಅಮ್ಮ, ನೀನು ಸುಮ್ನೆ ಎಸೆದುಬಿಡು, ಅಷ್ಟೇ," ಎಂದ. ತಪ್ಪಿಸು ಎಂದು ಹೇಳುವ ಅಗತ್ಯವೂ ಅವನಿಗೆ ಕಂಡಿರಲಿಲ್ಲ. ಹೆತ್ತ ತಾಯಿಯ ಮೇಲೆ ಎಂಥ ನಂಬಿಕೆ.

ನೀನು ನನ್ನ ಸೆರಗು ಜಗ್ಗಿ ಕೇಳಿದೆ. "ಅಜ್ಜಿ, ಇವರು ಬೇಕಂತಲೇ ಸೋಲ್ತಿದಾರಾ? ನೀನೂನಾ?" ನಿನ್ನ ಕಣ್ಣಲ್ಲಿ ನೀರು ನಿಂತಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಷ್ಟು ಜನರ ಮುಂದೆ, ಗುರಿಯಿಟ್ಟು ಎಸೆದೆ. ಬಿಲ್ಲೆಗಳು ಚೆಲ್ಲಾಪಿಲ್ಲಿಯಾದವು.

ಆಮೇಲೆ ನಡೆದದ್ದನ್ನು ಲಗೋರಿ ಎನ್ನಲು ಬರುವುದಿಲ್ಲ. ಬಿಲ್ಲೆ ಮತ್ತೆ ಪೇರಿಸಬೇಕಾದ ನಮ್ಮವರು ಕೈಕಟ್ಟಿ ನಿಂತರು. ಚೆಂಡಿನಿಂದ ನಮ್ಮನ್ನು ಹೊಡೆಯಬೇಕಾದ ತುಂಗಾದವರು ಚೆಂಡನ್ನು ಮುಟ್ಟಲೇ ಇಲ್ಲ. ಅದು ಯಾರಿಗೂ ಬೇಡದ ಕೂಸಿನ ಹಾಗೆ ನಡುವೆ ಕೂತಿತ್ತು.

"ಹೊಡಿಯೋ ಗಂಗಾಧರ, ಇಲ್ಲೇ ನಿಂತಿದೀನಿ," ಎಂದ ನಿಮ್ಮಪ್ಪ ಎದೆ ತೋರಿಸಿ.

"ಇರ್ಲಿ ಬಿಡಪ್ಪ, ನೀ ಪೇರಿಸ್ಕ. ನಮಗೇನ್ ಅರ್ಜೆಂಟಿಲ್ಲ," ಎಂದ ಗಂಗಾಧರ.

ಇವರ ಉಪಚಾರದ ನಡುವೆ ನೀನೊಬ್ಬಳೇ ಹೋಗಿ, ಒಂದೊಂದೇ ಬಿಲ್ಲೆ ಆರಿಸಿ, ಅಂಚಿಗೆ ಅಂಚು ಸೇರಿಸಿ ಪೇರಿಸಿದೆ. ಏಳನೆಯದಿಟ್ಟು "ಲಗೋರಿ" ಎಂದು ಕೂಗಿದ್ದು ಹಾಲ್ ತುಂಬ ಕೇಳಿಸಿತು. ಕಾವಲಿನವನು ನಿಮ್ಮಮ್ಮನ ಹತ್ತಿರ ಬಂದು, ಆಟಗಾರರು ಒಬ್ಬರಿಗೊಬ್ಬರು ಇಷ್ಟು ಬಿಟ್ಟುಕೊಡುವ ಆಟವನ್ನು ತಾನು ಎಲ್ಲೂ ನೋಡಿಲ್ಲ, ಭಾರತೀಯರು ನಿಜಕ್ಕೂ ಶಾಂತಿಪ್ರಿಯರು ಎಂದು ಹೇಳಿ ಹೋದನಂತೆ. ನಿಮ್ಮಪ್ಪ ಆ ದಿನವೂ ಹೋಳಿಗೆ ಮುಟ್ಟಲಿಲ್ಲ. ಅವನ ಪಾಲಿನದನ್ನು ನೀನೂ ನಾನೂ ತಿಂದೆವು.

ಮುಂದಿನ ಯುಗಾದಿಯಲ್ಲಿ, ಕಷ್ಟಪಟ್ಟು ಸೋತ ಗಂಗಾಧರ ಮೊದಲ ಆಯ್ಕೆಗೆ ಎದ್ದು ನಿಂತ. ಶಶಾಂಕ ಅಷ್ಟರಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತೆಂದು ಲುಂಡ್‌ಗೆ ಹೋಗಿ, ಅಲ್ಲಿ ಸೈಕಲ್ ತುಳಿದುಕೊಂಡಿದ್ದ. ಗಂಗಾಧರ ಎಲ್ಲರನ್ನೂ ಒಮ್ಮೆ ನೋಡಿ, "ಶ್ರೀಧರನ ತಾಯಿ," ಎಂದ. ಅರವತ್ತೆಂಟರ ಒಬ್ಬ ಮುದುಕಿಗಾಗಿ ಒಂದು ಇಡೀ ತಂಡ ಸೋತಂತಾಯಿತು. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ನಿನ್ನ ಮುಖ ಸಪ್ಪಗಾಯಿತು.

ಆ ಸಲ ನಿಮ್ಮ ಎದುರು ಆಡಿದಾಗ ನಾನು ಎಸೆದ ಚೆಂಡು ಒಮ್ಮೆ ಗೋಡೆಗೆ, ಒಮ್ಮೆ ಬಾಗಿಲಿಗೆ, ಕೊನೆಗೆ ಕಾವಲಿನವನ ಕಾಫಿ ಫ್ಲಾಸ್ಕಿಗೆ ಬಿತ್ತು. ನೀವು ಗೆದ್ದಿರಿ, ತುಂಗಾ ಮತ್ತೆ ಕೊನೆಗೆ ಬಂತು. ಗಂಗಾಧರ, "ಬೇಜಾರ್ ಮಾಡ್ಕಬ್ಯಾಡ್ರಿ ಅಮ್ಮ, ಬರೋ ವರ್ಷ ಫಸ್ಟ್ ಚಾನ್ಸ್ ನಮ್ದೇ," ಎಂದು ಸಮಾಧಾನ ಹೇಳಿದ. ಮನೆಗೆ ಬರುವಾಗ ಟ್ರಾಮಿನಲ್ಲಿ ನಿಮ್ಮಪ್ಪ ಪಕ್ಕಕ್ಕೆ ಬಂದು ಕೂತು, ಮೆಲ್ಲಗೆ, "ಅಮ್ಮ, ಮೇಘನಾಗೋಸ್ಕರ ಬೇಕಂತಲೇ ತಪ್ಪಿಸಿದ್ಯಲ್ಲ? ಎಂಥಾ ಪ್ಲಾನಿಂಗು," ಎಂದ. ಅಷ್ಟು ಗೌರವದಿಂದ ಅವನು ನನ್ನನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ.

ಮೂರು ಸಲವೂ ನಾನು ಗುರಿಯಿಟ್ಟೇ ಎಸೆದಿದ್ದೆ. ತೋಳು ಒಂದು ವಾರ ನೋಯುತ್ತಿತ್ತು. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ, ಸಾಧ್ಯವಾದರೆ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಗಳ ಹಿಂದೆ. ನಿಮ್ಮಪ್ಪ ಅಲ್ಲಿಗೆ ಯಾವತ್ತೂ ಕೈ ಹಾಕುವುದಿಲ್ಲ.