ಪಡಸಾಲೆಯ ಯುದ್ಧನೌಕೆ

ಗಂಡ ಕುಡಿಯುತ್ತಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಅಳಬಹುದು. ಇಸ್ಪೀಟು ಆಡುತ್ತಿದ್ದರೆ ಮುನಿಸಿಕೊಂಡು ತವರಿಗೆ ಹೋಗಬಹುದು. ಪಡಸಾಲೆಯಲ್ಲಿ ಕೂತು ಯುದ್ಧನೌಕೆ ಕಟ್ಟುವ ಗಂಡನಿಗೆ ಏನು ಮಾಡಬೇಕೆಂದು ಸುಗಂಧಾಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಭೀಮಗೊಂಡ ಚಿಕ್ಕೋಡಿಯ ಒಂದು ಸೊಸೈಟಿಯಲ್ಲಿ ಗುಮಾಸ್ತ. ಸಮುದ್ರ ಕಂಡವನಲ್ಲ. ಅವನು ನೋಡಿದ ಅತಿ ದೊಡ್ಡ ನೀರೆಂದರೆ ಅಂಕಲಿಯ ಹತ್ತಿರ ಮಳೆಗಾಲದ ಕೃಷ್ಣೆ. ಆದರೂ ಎಂಬತ್ತೆಂಟರ ದಸರೆಯ ಹೊತ್ತಿಗೆ ಪತ್ರಿಕೆಯೊಂದರಲ್ಲಿ ನೌಕಾಪಡೆಯ ಹೊಸ ಹಡಗಿನ ಚಿತ್ರ ಕಂಡದ್ದೇ ತಡ, ಒಂದು ಇಂಚಿಗೆ ಆರು ಅಡಿಯ ಲೆಕ್ಕದಲ್ಲಿ ಕೆಲಸ ಶುರುವಾಯಿತು. ಬಿದಿರಿನ ಸೀಳು ಬಾಗಿಸಿ ಪಕ್ಕೆಲುಬು. ಅದರ ಮೇಲೆ ಚಪ್ಪಲಿ ಡಬ್ಬಿಯ ರಟ್ಟು. ರಟ್ಟಿನ ಮೇಲೆ ಮೈದಾ ಅಂಟು ಸವರಿ ಪದರು ಪದರಾಗಿ ಹಳೆಯ ಕಾಗದ. ಸುಗಂಧಾಳ ಚಹಾ ಸೋಸುವ ಜಾಲರಿ ಬಡ್ತಿ ಹೊಂದಿ ರಾಡಾರ್ ಆಯಿತು. ಮುರಿದ ಕೊಡೆಯ ಕಡ್ಡಿಗಳು ತೋಪುಗಳಾದವು, ಪೌಡರ್ ಡಬ್ಬಿಗಳು ಕ್ಷಿಪಣಿ ಹಾರಿಸುವ ಕೊಳವೆಗಳಾದವು. ಚಿತ್ರದಲ್ಲಿ ಹಡಗಿನ ಬಲಮಗ್ಗಲು ಮಾತ್ರ ಇತ್ತು. (ಎಡಮಗ್ಗಲನ್ನು ಅವನು ಬರೀ ನಂಬಿಕೆಯಿಂದ ಕಟ್ಟಿದ.)

ಮಳೆ ಹಿಡಿಯುವ ಹೊತ್ತಿಗೆ ಮಹಾನೌಕೆ ಗೋಡೆಯಿಂದ ಗೋಡೆಗೆ ಮುಟ್ಟಿತು. ಮನೆಗೆ ಬಂದವರು ಅಡ್ಡಡ್ಡ ಸರಿದು ಒಳಗೆ ಹೋಗಬೇಕು. ಬೂದು ಬಣ್ಣ ಬಳಿದ ಮೇಲಂತೂ ಸಂಜೆಯ ಮಬ್ಬಿನಲ್ಲಿ ಅದು ಎಲ್ಲಿಗೋ ಹೊರಡಲು ಕಾಯುತ್ತಿರುವಂತೆ ಕಾಣುತ್ತಿತ್ತು. ಸುಗಂಧಾಳೂ ಅದಕ್ಕೇ ಕಾಯುತ್ತಿದ್ದಳು. ಶ್ರಾವಣದ ಮೊದಲ ಸೋಮವಾರದಿಂದ ಆ ಪಡಸಾಲೆಯಲ್ಲಿ ಅವಳು ಹೊಲಿಗೆ ಕ್ಲಾಸು ತೆಗೆಯುವವಳಿದ್ದಳು. ತವರಿನಿಂದ ಮಷೀನು ಬಂದಿತ್ತು. ಓಣಿಯ ಹುಡುಗಿಯರು ಹೆಸರು ಕೊಟ್ಟು ಹೋಗಿದ್ದರು. ಈ ಮನೆಗೆ ಬಂದ ಮೇಲೆ ತನಗೆಂದು ಅವಳು ಬಯಸಿದ್ದು ಅದೊಂದೇ.

“ಇದನ್ನ ಮಾಳಿಗಿ ಮ್ಯಾಲ ಇಡ್ರಿ,” ಎಂದಳು.

“ಮಳಿ ಬಂದ್ರ ತೊಯ್ತೈತಿ.”

“ಹಡಗ ತೊಯ್ದ್ರ ಏನಾಗ್ತೈತ್ರಿ?”

“ರಟ್ಟಿನ ಹಡಗ ಅದು. ನೀರ ಅದಕ್ಕ ಆಗಿ ಬರೂದಿಲ್ಲ,” ಎಂದ ಭೀಮಗೊಂಡ, ಮಗುವಿನ ಪಥ್ಯ ಹೇಳುವವನಂತೆ. “ಆಗಸ್ಟ್ ಹದಿನೈದಕ್ಕ ಸಾಲಿ ಮೆರವಣಿಗಿಗೆ ಒಯ್ಯಾವ ಅದೀನಿ. ಅಲ್ಲೀತನಾ ಸುಮ್ಮನಿರು.”

“ಆಮ್ಯಾಲ?”

“ಆಮ್ಯಾಲ ಮತ್ತ ಇಲ್ಲೇ. ಹಡಗ ಅಂದಮ್ಯಾಲ ಅದಕ್ಕೊಂದು ಬಂದರ ಬೇಕಲ್ಲ.”

ಆಗ ಸುಗಂಧಾಳಿಗೆ ಅತ್ತೆಯ ನೆನಪಾಯಿತು. ಕಮಲಾಬಾಯಿ ನೀರನ್ನು ಸೋಸದೆ ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟಿದವರಲ್ಲ. ಕಚ್ಚಲು ಬಂದ ಸೊಳ್ಳೆಯನ್ನೂ ಕೈಬೀಸಿ ಕಳಿಸಿಕೊಡುವ ಜೈನ ಹೆಂಗಸು. ಅಂಥವರಿಗೆ ಮಗ, ಇದು ಮಂದಿಯನ್ನು ಊರಿಂದೂರಿಗೆ ಒಯ್ಯುವ ಹಡಗು, ತೋಪುಗಳು ಹೊಗೆ ಹೋಗುವ ಕೊಳವೆಗಳು ಎಂದು ಹೇಳಿದ್ದ. (“ಇಷ್ಟೊಂದು ಹೊಗಿ ಕೊಳವಿ? ಭಾಳ ಮಂದಿಗೆ ಅಡಗಿ ಮಾಡ್ತಾರೇನೋ,” ಎಂದು ಅವರು ಸಮಾಧಾನಪಟ್ಟುಕೊಂಡಿದ್ದರು.)

ಅಂದು ಮಧ್ಯಾಹ್ನ ಅತ್ತೆ ಬೇಳೆ ಹಸನು ಮಾಡುತ್ತಿದ್ದಾಗ ಸುಗಂಧಾ ಪಕ್ಕದಲ್ಲಿ ಕೂತಳು.

“ಅತ್ತಿ, ಅವು ಹೊಗಿ ಕೊಳವಿ ಅಲ್ರಿ. ತೋಪು.”

ಮೊರದ ಮೇಲಿನ ಕೈ ನಿಂತಿತು. ಸಂಜೆ ಮಗನ ವಿಚಾರಣೆ ನಡೆಯಿತು.

“ಏನೋ ಭೀಮಗೊಂಡಾ, ಇದು ಮಂದಿ ಕೊಲ್ಲೂ ಹಡಗೇನು?”

“ಕೊಲ್ಲೂದಿಲ್ಲವ್ವ. ಬರೇ ಅಂಜಸ್ತೈತಿ.”

“ನಮ್ಮನ್ನ ಅಂಜಿಸಿದ್ದು ಸಾಕು. ಹಡಗಿಂದೇನ ತಪ್ಪಿಲ್ಲ, ತೋಪ ಅಷ್ಟ ಕೀಳ್ರಿ. ಇವಗ ಕೈ ಬರೂದಿಲ್ಲ. ಸುಗಂಧಾ, ನೀ ಕೀಳು.”

“ನಾ ಯಾಕ್ರಿ? ಕಟ್ಟಿದವರು ಅವರು.”

“ಮಾಡೂದು, ಮಾಡ್ಸೂದು, ಮಾಡೂದನ್ನ ನೋಡಿ ಹೂಂ ಅನ್ನೂದು, ಮೂರೂ ಒಂದ ಪಾಪ. ವಾರಾ ವಾರಾ ಅಂಟ ಕುದಿಸಿ ಕೊಟ್ಟಾಕಿ ಯಾರು?”

ಸುಗಂಧಾ ಇಕ್ಕಳ ತಂದಳು. ಮರುದಿನ ಪ್ರಾಯಶ್ಚಿತ್ತದ ಒಂದು ಹೊತ್ತು ಉಪವಾಸವೂ ಅವಳ ಪಾಲಿಗೆ ಬಂತು. ಭೀಮಗೊಂಡ ಮೂಲೆಯ ಸ್ಟೂಲಿನ ಮೇಲೆ ಕೂತು, ಸೋತ ಸೇನಾಧಿಪತಿಯಂತೆ, ಒಂದೊಂದೇ ತೋಪು ಹಲ್ಲು ಕಿತ್ತಂತೆ ಹೊರಬರುವುದನ್ನು ನೋಡಿದ. ಕೊನೆಗೆ ಹಡಗಿನ ಮೈತುಂಬ ತೂತುಗಳು ಉಳಿದವು.

“ತೋಪಿಲ್ಲದ ಯುದ್ಧನೌಕೆ ಒಯ್ದ್ರ ಸಾಲಿ ಹುಡುಗ್ರು ನಗ್ತಾರ,” ಎಂದ ಅವನು. “ಇನ್ನ ನೋಡಾಕ ಆಗೂದಿಲ್ಲ. ಬರೂ ರವಿವಾರ ಲಗಮಪ್ಪನ ಬಂಡ್ಯಾಗ ಹೇರಿ ಯಾರಿಗರೆ ಕೊಟ್ಟುಬಿಡ್ತೀನಿ.”

ಸುಗಂಧಾ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಳು. ಆ ವಾರವೆಲ್ಲ ಅವಳು ಮಷೀನಿಗೆ ಎಣ್ಣೆ ಬಿಟ್ಟಳು, ಕತ್ತರಿ ಸಾಣೆ ಹಿಡಿಸಿದಳು, ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆಂದು ಮನಸ್ಸಿನಲ್ಲೇ ಚಾಪೆ ಹಾಸಿ ನೋಡಿದಳು.

ರವಿವಾರ ಲಗಮಪ್ಪ ಬಂಡಿ ತಂದು ನಿಲ್ಲಿಸಿದ. ಅವನೂ ಭೀಮಗೊಂಡನೂ ಎರಡು ತುದಿಗೆ ಕೈ ಹಾಕಿದರು. ಅಷ್ಟರಲ್ಲಿ ಕಮಲಾಬಾಯಿ ಒಳಗಿನಿಂದ ಬಂದು ಬಗ್ಗಿ ನೋಡಿದರು.

“ಕೆಳಗ ಇಡ್ರಿ.”

ನೆಲದಿಂದ ಸಣ್ಣ ಕಪ್ಪು ಗೆರೆಯೊಂದು ಹಡಗಿನ ಮೈಯೇರಿ, ಸುಗಂಧಾ ತೋಪು ಕಿತ್ತ ತೂತಿನೊಳಗೆ ಇಳಿಯುತ್ತಿತ್ತು. ಒಳಗೆ ಪದರು ಪದರು ಮೈದಾ ಅಂಟು. ಇರುವೆಗಳಿಗೆ ಇನ್ನೇನು ಬೇಕು? ಕೆಲವು ಬಾಯಲ್ಲಿ ಬಿಳಿಯ ತತ್ತಿ ಹೊತ್ತುಕೊಂಡೇ ಬಂದಿದ್ದವು.

“ಸಂಸಾರ ಹೂಡ್ಯಾವು,” ಎಂದರು ಕಮಲಾಬಾಯಿ. “ಜೀವಕ್ಕ ತ್ರಾಸ ಆಗಬಾರದಂತ ಚಾತುರ್ಮಾಸದಾಗ ಮುನಿಗಳ ಸೈತ ಇದ್ದಲ್ಲೇ ಇರ್ತಾರ. ನಾವು ಇವನ್ನ ಬಂಡ್ಯಾಗ ಹೇರೂದೇನು?”

“ಎಲ್ಲೀತನಾರಿ ಅತ್ತಿ?”

“ದೀಪಾವಳಿ ತನಕ. ಮತ್ತ ತತ್ತಿ ಇಟ್ರ, ಮುಂದ ನೋಡೂಣು.”

ಲಗಮಪ್ಪ ಬಾಡಿಗೆ ಕೇಳದೆ ಎತ್ತು ತಿರುಗಿಸಿಕೊಂಡು ಹೋದ.

ಸೋಮವಾರ ಹುಡುಗಿಯರು ಬಟ್ಟೆಯ ಚೀಲ ಹಿಡಿದುಕೊಂಡು ಬಂದರು. ಹೊಸ್ತಿಲಲ್ಲಿ ನಿಂತು ಹಡಗು ನೋಡಿದರು, ಸುಗಂಧಾಳ ಮುಖ ನೋಡಿದರು. ಅವಳು ದೀಪಾವಳಿಯ ಮಾತು ಹೇಳಿ ಕಳಿಸಿದಳು. ಓಣಿಯ ಕೊನೆಯವರೆಗೂ ಅವರ ನಗು ಕೇಳಿಸಿತು.

ಒಳಗೆ ತಿರುಗಿದರೆ ಭೀಮಗೊಂಡ ಭೂತಗನ್ನಡಿ ಹಿಡಿದು ನೌಕೆಯ ಮುಂದೆ ಕೂತಿದ್ದ. ವಾರದಿಂದ ಬಾಡಿದ್ದ ಮುಖ ಅರಳಿತ್ತು.

“ನೋಡ ಇಲ್ಲಿ. ಎಷ್ಟ ಚಂದ ಕಟ್ಟಿದ್ರೂ ಒಂದ ಕೊರತಿ ಇತ್ತು. ಈಗ ಸಿಬ್ಬಂದಿ ಬಂದ್ರು.”

ಸುಗಂಧಾ ಏನೋ ಹೇಳಲು ಬಾಯಿ ತೆರೆದಳು. ಅಡುಗೆಮನೆಯಿಂದ ಅತ್ತೆಯ ದನಿ ಬಂತು.

“ಸುಗಂಧಾ, ಅವಕ್ಕೊಂದ ಚಿಟಿಕಿ ಸಕ್ಕರಿ ಹಾಕವಾ. ನಿತ್ಯ ಹಾಕು. ಬರೇ ಅಂಟು ತಿಂದು ಎಷ್ಟ ದಿನ ಇರ್ತಾವು.”

ಸುಗಂಧಾ ಸಕ್ಕರೆ ಡಬ್ಬಿ ತಂದಳು. ಆ ಚಿಟಿಕೆಯನ್ನು ಎಲ್ಲಿ ಇಡುವುದೆಂದು ಒಂದು ಗಳಿಗೆ ನೋಡಿದಳು. ಗಂಡ ಬೆರಳು ತೋರಿಸಿದ ಕಡೆ, ಹೆಲಿಕಾಪ್ಟರ್ ಇಳಿಯುವ ಜಾಗದಲ್ಲಿ, ಚೆಲ್ಲದಂತೆ ಇಟ್ಟಳು.