ಮುದ್ದೆ ಮೆಸ್ಸಿನವಳ ಪಿಲಾಟೆಸ್ಸು

ನಾನು ಒಂದು ಕೆಲಸಕ್ಕೆ ಅಂತ ಮನೆ ಬಿಟ್ಟು ನಗೆಪಾಟಲಾಗದೆ ವಾಪಸ್ ಬಂದದ್ದೇ ಇಲ್ಲ. ಸೊಂಟ ರಿಪೇರಿಗೆ ಹೋದಾಗಲೂ ಅದೇ ಆಯ್ತು.

ಬೆಳ್ಳೂರು ಕ್ರಾಸಿನಲ್ಲಿ ನಂದೊಂದು ಮುದ್ದೆ ಮೆಸ್ಸಿದೆ. ಒಂದಿನ ದೊಡ್ಡ ಪಾತ್ರೆ ತುಂಬ ರಾಗಿ ಹಿಟ್ಟು ಹಾಕಿ ಕೋಲಲ್ಲಿ ತೊಳಸ್ತಾ ಇದ್ದೆ, ಸೊಂಟ ಹಿಡ್ಕೊಂಡುಬಿಡ್ತು. ಕೋಲು ಒಂದು ಕಡೆ, ನಾನೊಂದು ಕಡೆ. ನಮ್ಮ ಯಜಮಾನ್ರು, "ಸಾಕು ಬುಡಮ್ಮಿ, ಮುದ್ದೆ ಮಿಷಿನ್ ತಂದ್ಬುಡ್ತೀನಿ" ಅಂದರು. ನನಗೆ ಅಳುವೇ ಬಂತು. ನಮ್ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಕೈಕೆಲಸ ಅದು. ಅದನ್ನ ಮಿಷಿನ್ನಿಗೆ ಕೊಟ್ಟು ನಾನು ನೀರಿನ ಲೋಟ ಇಡ್ಕೊಂಡು ಇರಬೇಕಾ? "ಯುಗಾದಿವರೆಗೂ ತಡೀರಿ, ಸಣ್ಣ ಪಾತ್ರೇಲೇ ಹೆಂಗೋ ಸಾಗಿಸ್ತೀನಿ" ಅಂತ ಗೋಗರೆದೆ. ಹೂಂ ಅಂದರು, ಆದರೆ ಮಿಷಿನ್ ಅಂಗಡಿಯವನಿಗೆ ಹೇಳಿಯೂ ಬಿಟ್ಟರು.

ಡಾಕ್ಟರು ಪಿಲಾಟೆಸ್ಸಿಗೆ ಸೇರಿಕೋ ಅಂದರು. ಚಾಪೆ ಮೇಲೆ ಮಲಗಿ, ಕೂತು, ಹೊಟ್ಟೆ ಸೊಂಟಕ್ಕೆ ಶಕ್ತಿ ತಂದುಕೊಳ್ಳೋ ವ್ಯಾಯಾಮವಂತೆ. ನಾಗಮಂಗಲದಲ್ಲಿ ಒಂದು ಬಟ್ಟೆ ಅಂಗಡಿ ಮೇಲಿನ ಹಾಲಿನಲ್ಲಿ ಹೇಳಿಕೊಡೋಳು, ನಮ್ಮ ಮೆಸ್ಸಿಗೇ ಊಟಕ್ಕೆ ಬರೋ ಲಾರಿ ಡ್ರೈವರ್ ಸಾಬರ ಮಗಳು. ಸಣ್ಣ ಹುಡುಗಿ, ಕಡ್ಡಿ ಹಂಗಿದ್ದಾಳೆ. ಇವಳೇನು ನನ್ನ ಸೊಂಟ ನೆಟ್ಟಗೆ ಮಾಡಿಯಾಳು ಅಂದುಕೊಂಡೇ ಹೋದೆ.

ಸಡಿಲ ಬಟ್ಟೆ

"ಆಂಟಿ, ಸಡಿಲವಾಗಿರೋ ಬಟ್ಟೆ ಹಾಕ್ಕೊಂಡು ಬನ್ನಿ" ಅಂತ ಫೋನಿನಲ್ಲಿ ಹೇಳಿದ್ದಳು. ನಮ್ಮ ಕಡೆ ಹೆಂಗಸಿಗೆ ಸಡಿಲ ಬಟ್ಟೆ ಅಂದರೆ ಇನ್ನೇನು? ನೈಟಿ! ಮೇಲೊಂದು ಟವಲ್ ಹೊದ್ದುಕೊಂಡು ಬಸ್ಸು ಹತ್ತಿದೆ. ಅಲ್ಲಿ ನೋಡಿದರೆ ದೇವಸ್ಥಾನದ ಅರ್ಚಕರ ಹೆಂಡತಿಯೂ ನೈಟಿ, ಅವರ ಹೆಗಲ ಮೇಲೂ ಟವಲ್ಲು. ಇಬ್ಬರೂ ಖುಷಿಯಾಗಿ ಚಾಪೆ ಮೇಲೆ ಮಲಗಿದೆವು.

"ಈಗ ಎರಡೂ ಕಾಲು ಮೇಲಕ್ಕೆ" ಅಂದಳು ಹುಡುಗಿ.

ಅಯ್ಯೋ ಶಿವನೇ! ನಾನು ಅರ್ಚಕರ ಮನೆಯಮ್ಮನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಕಾಲು ಮಾತ್ರ ಯಾರದೂ ಏಳಲಿಲ್ಲ.

ಆ ಹುಡುಗಿ ಒಂದಿಷ್ಟೂ ನಗಲಿಲ್ಲ ಕಣ್ರೀ. ಮೆತ್ತಗೆ ಬ್ಯಾಗು ತೆಗೆದು ಇಬ್ಬರಿಗೂ ಒಂದೊಂದು ಪ್ಯಾಂಟು ಕೊಟ್ಟಳು. ಎಷ್ಟು ಜನ ನೈಟಿಯವರನ್ನ ನೋಡಿದ್ದಳೋ, ಮೊದಲೇ ತಂದಿಟ್ಟಿದ್ದಾಳೆ! ಅವಳ ಮೇಲೆ ನನಗೆ ಗೌರವ ಹುಟ್ಟಿದ್ದೇ ಅವಾಗ. ನೈಟಿ ಕೆಳಗೆ ಪ್ಯಾಂಟು ಹಾಕ್ಕೊಂಡು ಮನೆಗೆ ಬಂದರೆ ಯಜಮಾನ್ರು ಮೇಲಿಂದ ಕೆಳಗೆ ನೋಡಿ, "ಏನಮ್ಮಿ ಇದು, ಅರ್ಧ ಮಲಗಕ್ಕೆ, ಅರ್ಧ ಓಡೋಗಕ್ಕಾ?" ಅಂದರು.

ಉಸಿರು

ಎರಡನೇ ಕ್ಲಾಸಲ್ಲಿ ಬರೀ ಉಸಿರಾಟ. "ಕಣ್ಣು ಮುಚ್ಚಿ, ನಿಧಾನಕ್ಕೆ ಉಸಿರು ಎಳೀರಿ, ಬಿಡಿ." ನಸುಕಿಗೇ ಎದ್ದು ಒಲೆ ಮುಂದೆ ನಿಲ್ಲೋಳಿಗೆ, ಫ್ಯಾನು ಹಾಕಿ ಚಾಪೆ ಕೊಟ್ಟು ಕಣ್ಣು ಮುಚ್ಚು ಅಂದರೆ ಇನ್ನೇನಾಗುತ್ತೆ? ಎಚ್ಚರ ಆದಾಗ ಕ್ಲಾಸು ಮುಗಿದಿತ್ತು, ನನ್ನ ಮೇಲೆ ಆ ಹುಡುಗಿಯ ದುಪಟ್ಟಾ ಇತ್ತು.

ನಾಚಿಕೆಯಿಂದ ಸತ್ತೇ ಹೋದೆ. "ಎಬ್ಬಿಸೋದಲ್ವೇನಮ್ಮಾ?" ಅಂದೆ.

"ಇರಲಿ ಬುಡಿ ಆಂಟಿ. ನಿಮ್ಮ ಸೊಂಟಕ್ಕೆ ಯಾರಾದ್ರೂ ರಜ ಕೊಟ್ಟಿದ್ರಾ ಇಷ್ಟು ದಿನ?" ಅಂದಳು. ನಮ್ಮ ಮನೆಯಲ್ಲಿ ಈ ಮಾತು ಯಾರೂ ಕೇಳಿರಲಿಲ್ಲ.

ಪಕ್ಕದಿಂದ ಅರ್ಚಕರ ಮನೆಯಮ್ಮ, "ನೀವು ಮಲಗಿದ್ದೇ ಒಳ್ಳೇದಾಯ್ತು ಕಣ್ರೀ. ನಂಗೆ ಎಳೆಯೋದು ಯಾವಾಗ, ಬಿಡೋದು ಯಾವಾಗ ಗೊತ್ತಾಗ್ತಾನೇ ಇರಲಿಲ್ಲ. ನಿಮ್ಮ ಗೊರಕೆ ಹಿಡ್ಕೊಂಡೇ ಪೂರ್ತಿ ಮಾಡ್ದೆ" ಅಂದರು.

ಕೋಲು

ಆಮೇಲೆ ಬಂತು ಕಷ್ಟ. "ಹೊಟ್ಟೆ ಒಳಗಿನ ಬಲ ಹಿಡೀರಿ" ಅಂತಾಳೆ. ನಾನು ಎರಡೂ ಕೈಲಿ ಹೊಟ್ಟೆ ಹಿಡಿದೆ, ಕೈಗೆ ಧಾರಾಳವಾಗೇ ಸಿಕ್ತು. "ಅದಲ್ಲ ಆಂಟಿ, ಅದರ ಒಳಗಿಂದು" ಅಂತಾಳೆ. ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಯುಗಾದಿ ಬೇರೆ ಹತ್ತಿರ ಬರ್ತಿದೆ. ಸಿಟ್ಟು ಬಂದು, "ನನ್ನ ಕೈಲಾಗಲ್ಲ ಕಣಮ್ಮ, ಮಿಷಿನ್ನೇ ಬರಲಿ" ಅಂದುಬಿಟ್ಟೆ.

ಅವಳು, "ಆಂಟಿ, ನಾಳೆ ನಿಮ್ಮ ಹಿಟ್ಟಿನ ಕೋಲು ತಗೊಂಡ್ ಬನ್ನಿ" ಅಂದಳು.

ಬಸ್ಸಿನಲ್ಲಿ ಅಷ್ಟುದ್ದದ ಕೋಲು ನೋಡಿ ಕಂಡಕ್ಟರು, "ಯಾರ ಮೇಲಕ್ಕ ಜಗಳ?" ಅಂದ. "ನನ್ನ ಸೊಂಟದ ಮೇಲೆ ಕಣಪ್ಪ" ಅಂದೆ. ಕ್ಲಾಸಲ್ಲಿ ಕಾಲು ಚಾಚಿ ಕೂರಿಸಿ, ಪಾತ್ರೆ ಇಲ್ಲದೇನೇ ತೊಳಸು ಅಂದಳು. ತೊಳಸಿದೆ. ನನ್ನ ಬೆನ್ನ ಮೇಲೊಂದು ಕೈ, ಹೊಕ್ಕುಳ ಕೆಳಗೊಂದು ಕೈ ಇಟ್ಟು, "ನೀವು ಇಲ್ಲಿ ಬೆನ್ನಿಂದ ತೊಳಸ್ತಾ ಇದ್ದೀರಿ. ಇಲ್ಲಿ ಹೊಟ್ಟೆಯಿಂದ ತೊಳಸಿ. ಉಸಿರು ಬಿಡ್ತಾ ಹೊಟ್ಟೆ ಒಳಕ್ಕೆ" ಅಂದಳು. ಒಳಗೆ ಏನೋ ಬಿಗಿಯಾಯ್ತು ನೋಡಿ! ಭಲೇ ಹುಡುಗಿ!

ಅರ್ಚಕರ ಮನೆಯಮ್ಮ ಮಾತ್ರ ಕೋಲು ಕೇಳಿ ಇಸ್ಕೊಂಡು ಎರಡು ಸುತ್ತು ತಿರುಗಿಸಿ, "ನಮ್ಮನೇಲಿ ಬರೀ ಅನ್ನ. ನಂಗೆ ಸೊಂಟ ನೋವು ಬಂದಿದ್ದಾದ್ರೂ ಹೆಂಗೆ?" ಅಂದರು.

ಮಿಷಿನ್ನು ಬಂದ ದಿನ

ಯುಗಾದಿ ಮಾರನೇ ದಿನ ಮಧ್ಯಾಹ್ನ. ಮೆಸ್ಸು ತುಂಬಾ ಜನ, ಮೂಲೆಯಲ್ಲಿ ಡ್ರೈವರ್ ಸಾಬರು, ಅವರ ಪಕ್ಕ ಊಟಕ್ಕೆ ಬಂದ ಮಗಳು. ಅಂಗಡಿಯವನು ಮಿಷಿನ್ ಇಳಿಸಿ ಪ್ಲಗ್ಗು ಹುಡುಕ್ತಾ ಇದ್ದ. ಯಜಮಾನ್ರು ಹೊಸ ಪಂಚೆ ಉಟ್ಟು ಮಿಷಿನ್ನಿನ ಮೇಲೆ ಕೈ ಇಟ್ಟು ನಿಂತಿದ್ದರು.

"ಒಂದ್ನಿಮಿಷ ತಡೀರಿ" ಅಂದೆ. ದೊಡ್ಡ ಪಾತ್ರೆ ಕೆಳಗಿಳಿಸಿ, ನೆಲದ ಮೇಲೆ ಕೂತು, ಕಾಲಲ್ಲಿ ಒತ್ತಿ ಹಿಡಿದು ಕೋಲು ಹಾಕಿದೆ. ಮೊದಲ ಸುತ್ತಿಗೇ ಹಳೇ ಅಭ್ಯಾಸ, ಸೊಂಟ ಚುರ್ ಅಂತು. ಕೈ ನಿಂತೋಯ್ತು. ಯಜಮಾನ್ರು ಅಂಗಡಿಯವನಿಗೆ ಕಣ್ಸನ್ನೆ ಮಾಡಿದ್ದೂ ಕಾಣಿಸ್ತು.

ಅಷ್ಟೊತ್ತಿಗೆ ಮೂಲೆಯಿಂದ ಆ ಹುಡುಗಿ ಎದ್ದು ನಿಂತು ಕ್ಲಾಸಿನ ದನಿಯಲ್ಲೇ ಕೂಗಿದಳು: "ಉಸಿರು ಬಿಡಿ! ಹೊಟ್ಟೆ ಒಳಕ್ಕೆ!"

ಬಿಟ್ಟೆ. ಒಳಗಿನ ಬಿಗಿ ಸಿಕ್ತು. ಕೋಲು ತಿರುಗ್ತು, ಹಿಟ್ಟು ತಿರುಗ್ತು, ಒಂದು ಗಂಟಿಲ್ಲ, ಸೊಂಟ ತುಟಿ ಬಿಚ್ಚಲಿಲ್ಲ. ತಲೆ ಎತ್ತಿ ನೋಡ್ತೀನಿ, ಮೆಸ್ಸಲ್ಲಿ ಒಬ್ಬರೂ ಉಣ್ತಾ ಇಲ್ಲ. ಆ ಹುಡುಗಿ ದನಿಗೆ ಅಷ್ಟೂ ಜನ ಗಂಡಸರು ಕೈಲಿ ಮುದ್ದೆ ಹಿಡ್ಕೊಂಡೇ ಹೊಟ್ಟೆ ಒಳಕ್ಕೆ ಎಳ್ಕೊಂಡು ಕೂತವ್ರೆ! ನಮ್ಮ ಯಜಮಾನ್ರೂ ಎಳ್ಕೊಂಡವ್ರೆ. ಅವರ ಪಂಚೆ ನಿಂತಿದ್ದೇ ಹೊಟ್ಟೆ ಮೇಲೆ. ಹೊಟ್ಟೆ ಒಳಗೋಯ್ತು, ಪಂಚೆ ಕೆಳಗೋಯ್ತು. ಪುಣ್ಯಕ್ಕೆ ಪಟ್ಟಾಪಟ್ಟಿ ಚಡ್ಡಿ ಇತ್ತು.

ಪಂಚೆ ಬಾಚಿ ಹಿಡ್ಕೊಂಡು ಅಂಗಡಿಯವನಿಗೆ, "ಇದನ್ನ ತಕ್ಕೊಂಡೋಗಲಾ ನೀನು!" ಅಂತ ಗದರಿದರು.

ಮಾರನೇ ಕ್ಲಾಸಿಗೆ ನನ್ನ ಹಿಂದೇನೇ ಬಂದು ಬಾಗಿಲಲ್ಲಿ ನಿಂತರು. "ಗಂಡಸರಿಗೂ ಹೇಳ್ಕೊಡ್ತೀಯೇನವ್ವ?"

"ಹೇಳ್ಕೊಡ್ತೀನಿ ಅಂಕಲ್" ಅಂತ ಆ ಹುಡುಗಿ ಬ್ಯಾಗಿಗೆ ಕೈ ಹಾಕಿ ಒಂದು ಪ್ಯಾಂಟು ತೆಗೆದು ಕೊಟ್ಟಳು.