ಸಿನಿಮಾದವರು ಕದ್ದ ನಮ್ಮ ಮಾವನ ರೇಸು

ನಮ್ಮ ಸೋದರಮಾವನ ಜೀವನಚರಿತ್ರೆಯನ್ನು ಸಿನಿಮಾದವರು ಕದ್ದಿದ್ದಾರೆ. ಇದು ನನ್ನ ಮಾತಲ್ಲ, ಅವನದೇ. ನನ್ನನ್ನು ಕೇಳಿದರೆ ಅವನ ಜೀವನದಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ. ಯಾರಾದರೂ ಅಪ್ಪಿತಪ್ಪಿ ಕದ್ದಿದ್ದರೂ ಮಾರನೇ ದಿನ ತಂದು ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಆದರೂ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಆ ಕಾರ್ ರೇಸಿನ ಸಿನಿಮಾ ಯಾರ ಕತೆ ಅಂತ. ಹೋಟೆಲಿನವರೂ ಬಾಳೆಹಣ್ಣಿನ ಗಾಡಿಯವನೂ ಒಂದೇ ಬಾಯಲ್ಲಿ ನಮ್ಮ ಮಾವನ ಹೆಸರು ಹೇಳುತ್ತಾರೆ. ಹೇಳದೆ ಏನು ಮಾಡಿಯಾರು? ಹೇಳದಿದ್ದರೆ ಅವನು ಬಂದು ಮೊದಲಿನಿಂದ ಕೊನೆಯವರೆಗೆ ಕತೆ ಹೇಳುತ್ತಾನಲ್ಲ!

ಆದ್ದರಿಂದ ಆ ಸಿನಿಮಾದ ಹಿಂದಿನ ನಿಜವಾದ ಚರಿತ್ರೆಯನ್ನು ನಾನೇ ಬರೆದಿಡುವುದು ವಾಸಿ. ನಾನು ಎಲ್ಲವನ್ನೂ ಕಣ್ಣಾರೆ ಕಂಡವನು. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ, ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಗೇ ಸೇರಿದ್ದಾಗ, ಅಲ್ಲಿನ ಕಾಲೇಜಿಗೆ ಗುಂಡ್ಲುಪೇಟೆಯಿಂದ ದಿನಾ ಮಾವನ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. ಇಂಜಿನ್ನಿನ ಪಕ್ಕದ ಸೀಟು, ಪುಕ್ಕಟೆ ಪ್ರಯಾಣ. ಪುಕ್ಕಟೆ ಓಡಾಡಿದವನು ಹೀಗೆ ಹಗುರವಾಗಿ ಮಾತಾಡಬಹುದೇ ಎನ್ನಬೇಡಿ. ಟಿಕೆಟ್ಟಿನ ಬದಲು ನಾನು ದಾರಿಯುದ್ದಕ್ಕೂ ಅವನ ಮಾತು ಕೇಳಿದ್ದೇನೆ. ಟಿಕೆಟ್ಟೇ ಅಗ್ಗವಾಗಿತ್ತು.

ಮಾವ ಖಾಸಗಿ ಬಸ್ಸಿನ ಡ್ರೈವರ್. ಅವನದು ನೀಲಿ ಬಸ್ಸು. ಅವನಿಗಿಂತ ಐದು ನಿಮಿಷ ಮೊದಲು ಅದೇ ದಾರಿಗೆ ಒಂದು ಹಳದಿ ಬಸ್ಸು ಹೊರಡುತ್ತಿತ್ತು. ಅದರ ಡ್ರೈವರ್ ಹರವೆ ಕಡೆಯವನು. ದಾರಿಯ ಎಲ್ಲ ಊರಿಗೂ ಅವನು ‘ಹರವೆಯವನು’ ಎಂದೇ ಪರಿಚಿತ. ಐದು ನಿಮಿಷ ಮೊದಲು ಹೊರಟವನು ರಸ್ತೆಯ ಜನವನ್ನೆಲ್ಲ ಗುಡಿಸಿಕೊಂಡು ಹೋಗುತ್ತಾನೆ. ಹಿಂದೆ ಬರುವವನಿಗೆ ಸಿಗುವುದು ತಡವಾಗಿ ಎದ್ದವರು, ಜಗಳವಾಡಿ ಮನೆ ಬಿಟ್ಟವರು, ತಪ್ಪಿಸಿಕೊಂಡ ಕೋಳಿ ಹಿಡಿಯಲು ಹೋಗಿ ಹೊತ್ತು ಮಾಡಿಕೊಂಡವರು, ಇಷ್ಟೇ.

ಇಷ್ಟಾದರೂ ಇಬ್ಬರೂ ಗಳಸ್ಯ ಕಂಠಸ್ಯ. ಚಾಮರಾಜನಗರದಲ್ಲಿ ಬಸ್ಸು ನಿಲ್ಲಿಸಿ ಒಂದೇ ಬೇವಿನ ಮರದಡಿ ಬುತ್ತಿ ಬಿಚ್ಚುತ್ತಿದ್ದರು. ಹರವೆಯವನ ಮನೆಯ ಮುದ್ದೆ ಮಾವನಿಗೆ ಬೇಕು, ನಮ್ಮತ್ತೆಯ ಸಾರು ಹರವೆಯವನಿಗೆ ಬೇಕು. ಅತ್ತೆಯ ಮುದ್ದೆಯನ್ನು ಇಬ್ಬರೂ ಸೇರಿ ಕಾಗೆಗೆ ಹಾಕುತ್ತಿದ್ದರು ಎಂಬುದು ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಒಂದು ದಿನ ಊಟದ ನಡುವೆ ಹರವೆಯವನು ತಮಾಷೆಗೆ, ನೀನು ಹುಟ್ಟಿದ್ದೇ ನನ್ನ ಧೂಳು ಕುಡಿಯಲಿಕ್ಕೆ ಎಂದುಬಿಟ್ಟ. ಅಷ್ಟು ಸಾಕಾಯಿತು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ನಾಳೆ ನಾನೇ ಮುಂದೆ ಎಂದು ಮಾವ ಎದ್ದುಬಂದ.

ಸಿನಿಮಾದಲ್ಲಿ ಈ ರೇಸನ್ನು ನೀವು ನೋಡಿರಬಹುದು. ಎರಡು ಕಾರುಗಳು ಹಕ್ಕಿಯ ಹಾಗೆ ಹಾರುತ್ತವೆ, ಟೈರಿನಿಂದ ಹೊಗೆ ಏಳುತ್ತದೆ, ಸಾವಿರಾರು ಜನ ಎದ್ದು ನಿಲ್ಲುತ್ತಾರೆ. ನಿಜವಾದ ಚರಿತ್ರೆ ಹೀಗಿದೆ. ನಮ್ಮ ಬಸ್ಸಿನ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿ ಎಷ್ಟೋ ವರ್ಷವಾಗಿತ್ತು. ಅದು ಕೆಟ್ಟಿದೆ ಎಂದು ಮಾವ ಹೇಳುತ್ತಿದ್ದ. ಸರಿಯಾಗಿಯೇ ಇದೆ ಎಂದು ನನ್ನ ಗುಮಾನಿ. ಟಾಪಿನ ಮೇಲೆ ಟೊಮೆಟೊ ಬುಟ್ಟಿ, ಬಾಳೆಗೊನೆ, ಯಾರದೋ ಮಂಚ. ಏರು ಬಂದರೆ ಸೈಕಲ್ಲಿನವರು ನಮ್ಮನ್ನು ದಾಟಿ ಹೋಗಿ, ತಿರುಗಿ ನೋಡಿ, ಅಯ್ಯೋ ಪಾಪ ಎನ್ನುತ್ತಿದ್ದರು.

ಆ ದಿನ ಬಸ್ಸಿನಲ್ಲಿ ಭೀಮನಬೀಡಿನ ಎಂಟು ಜನ ಇದ್ದರು. ಹೂವು ಹಣ್ಣಿನ ತಟ್ಟೆ ಹಿಡಿದು, ತೆರಕಣಾಂಬಿಯಲ್ಲಿ ಹೆಣ್ಣು ನೋಡಲು ಹೊರಟವರು. ತೆರಕಣಾಂಬಿ ಬಂತು. ಹಳದಿ ಬಸ್ಸು ಅಲ್ಲಿ ನಿಂತು ಬುಟ್ಟಿಗಳನ್ನು ಮೇಲೆ ಹತ್ತಿಸಿಕೊಳ್ಳುತ್ತಿತ್ತು. ರಸ್ತೆಯ ಬದಿಯಲ್ಲಿ ಸಂತೆಗೆ ಹೊರಟ ಜನ ಕಾದಿದ್ದರು. ಮಾವನ ಕಣ್ಣಿಗೆ ಅವರಾರೂ ಬೀಳಲಿಲ್ಲ. ಹಾರ್ನ್ ಒತ್ತಿಕೊಂಡು, ನಿಂತಿದ್ದ ಬಸ್ಸನ್ನು ದಾಟಿ, ಹಾಗೇ ಹೋಗಿಬಿಟ್ಟ. ನಮ್ಮ ಕಂಡಕ್ಟರು ಸೀಟಿ ಊದಿ ಊದಿ ಅದರೊಳಗಿನ ಗುಂಡೇ ಬಿದ್ದುಹೋಯಿತು. ನಿಂತವನನ್ನು ದಾಟುವುದಕ್ಕೆ ಸಿನಿಮಾದವರು ಕ್ಲೈಮ್ಯಾಕ್ಸ್ ಎನ್ನುತ್ತಾರೋ ಏನೋ. ನಮ್ಮ ಕಡೆ ಅದಕ್ಕೆ ಬೇರೆ ಮಾತಿದೆ, ಬರೆಯುವಂಥದ್ದಲ್ಲ.

ಭೀಮನಬೀಡಿನ ಎಂಟು ಜನ ತಟ್ಟೆ ಸಮೇತ ಚಾಮರಾಜನಗರ ನೋಡಿದರು. ಗಂಡಿನ ದೊಡ್ಡಪ್ಪ ಮಾವನ ಖಾಕಿ ಷರ್ಟಿನ ಕಾಲರಿಗೆ ಕೈ ಹಾಕಿದ. ಮಾವ ಅದನ್ನೂ ಸನ್ಮಾನ ಎಂದುಕೊಂಡು ಎದೆಯುಬ್ಬಿಸಿ ನಿಂತಿದ್ದ. ಕಾಲು ಗಂಟೆಯ ಮೇಲೆ ಹಳದಿ ಬಸ್ಸು ಬಂತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಹರವೆಯವನು ಇಳಿದು, ನಮ್ಮ ಖಾಲಿ ಬಸ್ಸಿನೊಳಗೆ ಒಮ್ಮೆ ಇಣುಕಿ ನೋಡಿದ.

“ಗೆಲ್ಲಕ್ಕ ಬಸ್ ಯಾಕ ಬೇಕಿತ್ಲಾ?” ಅಂದ. “ಒಬ್ನೇ ಓಡ್ಕಂಡು ಬಂದಿದ್ರ ಇನ್ನೂ ಬೇಗ ಬತ್ತಿದ್ದೆ.”

ಇಡೀ ಬಸ್ ಸ್ಟ್ಯಾಂಡು ನಕ್ಕಿತು. ನಾನೂ ನಕ್ಕೆ. ಹೆಣ್ಣು ನೋಡಲು ಬಂದವರೂ ದುಃಖ ಮರೆತು ನಕ್ಕರು, ಹರವೆಯವನ ಬಸ್ಸಿನಲ್ಲೇ ಹಿಂದಿರುಗಿ ರಾಹುಕಾಲದಲ್ಲಿ ಹೆಣ್ಣಿನ ಮನೆ ಸೇರಿದರು. ಮಾವ ಮಾತ್ರ ನಗಲಿಲ್ಲ. ಅಂದಿನಿಂದ ಬುತ್ತಿ ಬೇರೆ, ಮರ ಬೇರೆ. “ನೀನೇ ಗೆದ್ದೆ” ಎಂಬ ಮಾತು ಹರವೆಯವನ ಬಾಯಿಂದ ಬರಬೇಕು, ಅಲ್ಲಿಯವರೆಗೆ ತಾನು ತುಟಿ ಬಿಚ್ಚುವುದಿಲ್ಲ ಎಂದು ಸಾರಿಬಿಟ್ಟ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನಮ್ಮ ಜಟ್ಟಿಗೆ ಮೀಸೆಯೂ ಇರಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಎರಡು ಬಸ್ಸುಗಳು ಅಕ್ಕಪಕ್ಕ ನಿಂತಾಗ ಹರವೆಯವನು ಏನಾದರೂ ಮಾತು ತೆಗೆಯುತ್ತಿದ್ದ. ಮಾವ ಕನ್ನಡಿಯಲ್ಲಿ ತನ್ನ ತಲೆ ಬಾಚಿಕೊಳ್ಳುತ್ತಿದ್ದ. ತಲೆಯಲ್ಲಿ ಕೂದಲಿದ್ದರೆ ಅದಕ್ಕೊಂದು ಅರ್ಥವಿರುತ್ತಿತ್ತು. ಹರವೆಯವನು ಮಗಳ ಮದುವೆಗೆ ತಾನೇ ಮನೆಗೆ ಬಂದು ಲಗ್ನಪತ್ರಿಕೆ ಕೊಟ್ಟ. ಮಾವ ಹಿತ್ತಲಿಗೆ ಹೋಗಿ ನಿಂತ. ಕೊನೆಗೆ ಅತ್ತೆಯೊಬ್ಬಳೇ ಮದುವೆಗೆ ಹೋಗಿ, ಬರುವಾಗ ನಾಲ್ಕು ಹೋಳಿಗೆ ಕಟ್ಟಿಸಿಕೊಂಡು ಬಂದಳು. ಮಾವ ಹರವೆಯವನ ಮನೆತನವನ್ನು ಬೈಯುತ್ತ ಬೈಯುತ್ತ ನಾಲ್ಕನ್ನೂ ತಿಂದ. ಇದೇನು ಮಾವ ಎಂದೆ. ಹೋಳಿಗೆ ತನಗೇನೂ ಅಂದಿಲ್ಲವಂತೆ!

ಆ ಮೂರನೆಯ ವರ್ಷವೇ ಸಿನಿಮಾದವರು ಬಂದದ್ದು. ಗೋಪಾಲಸ್ವಾಮಿ ಬೆಟ್ಟದ ತಿರುವುಗಳಲ್ಲಿ ಶೂಟಿಂಗು, ಗುಂಡ್ಲುಪೇಟೆಯಲ್ಲಿ ಬಿಡಾರ. ಕನ್ನಡಕ ಹಾಕಿಕೊಂಡ ಅಸಿಸ್ಟೆಂಟೊಬ್ಬ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನೋಟ್‌ಬುಕ್ ಹಿಡಿದು ಟೀ ಕುಡಿಯುತ್ತಿದ್ದ. ರೇಸಿನ ಸಿನಿಮಾ ಅಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಮಾವ ಹೋಗಿ ಎದುರಿಗೆ ಕೂತ. ಪೂರ್ತಿ ಒಂದು ಗಂಟೆ ತೆರಕಣಾಂಬಿಯ ಮಹಾಯುದ್ಧವನ್ನು ವರ್ಣಿಸಿದ. ಆ ಮನುಷ್ಯ ತಲೆಯಾಡಿಸುತ್ತ ಬರೆದುಕೊಳ್ಳುತ್ತಲೇ ಇದ್ದ. ನಾನು ಪಕ್ಕದಲ್ಲೇ ಕೂತಿದ್ದವನು ಬಗ್ಗಿ ನೋಡಿದೆ: ಮೊಟ್ಟೆ ಮೂರು ಡಜನ್, ಮೂಸಂಬಿ, ಹೀರೋಗೆ ಉಪ್ಪಿಲ್ಲದ ಪಲ್ಯ. ಆಚೆ ಬಂದ ಮೇಲೆ ಮಾವನಿಗೆ ಹೇಳಿದೆ.

“ಅದು ಗುಟ್ಟಿನ ಬರವಣಿಗೆ ಕಣ್ಲಾ,” ಅಂದ. “ಕತೆ ಕದಿಯೋರು ಹಂಗೇ ಬರ್ಕಳದು.”

ಇದಾಗಿ ಕೆಲವು ತಿಂಗಳಿಗೆ ಹಳದಿ ಬಸ್ಸಿಗೆ ಹೊಸ ಡ್ರೈವರ್ ಬಂದ. ಹರವೆಯವನಿಗೆ ಕಾಮಾಲೆಯಂತೆ, ನಾಟಿ ಔಷಧಿಗೆ ಬಗ್ಗದೆ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದಾರಂತೆ ಎಂದು ಸುದ್ದಿ. ಒಂದು ಬೆಳಿಗ್ಗೆ ಆ ಬಸ್ಸಿನ ಕಂಡಕ್ಟರು ಮಾವನನ್ನು ಹುಡುಕಿಕೊಂಡು ಬಂದ. ಮಾವ ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದ.

“ನಿಮ್ಮ ಒಂದ್ಸಲ ನೋಡ್ಬೇಕು ಅಂತಾವ್ನೆ ಕಣಣ್ಣ. ಎರಡು ದಿನದಿಂದ ಅದೇ ಮಾತು.”

“ಒಪ್ಕಂಡ್ನ?”

“ಏನ?”

“ಸೋತೆ ಅಂತ.”

ಆ ಕಂಡಕ್ಟರು ಹೆಗಲ ಚೀಲ ಸರಿಮಾಡಿಕೊಂಡು ಹೊರಟುಹೋದ. ಅದಾದ ನಾಲ್ಕನೆಯ ದಿನ ಹರವೆಯವನು ತೀರಿಕೊಂಡ. ನಮ್ಮ ಮಹಾನುಭಾವ ಮಣ್ಣಿಗೂ ಹೋಗಲಿಲ್ಲ. ಅತ್ತೆ ಹೋಗಿಬಂದು, ತಲೆಗೆ ನೀರು ಹಾಕಿಕೊಂಡು, ಒಲೆ ಹಚ್ಚದೆ ಕೂತಳು. ಇವನು ಆವತ್ತೂ ಬಸ್ಸು ಹೊರಡಿಸಿದ, ಅದೂ ಸರಿಯಾದ ಟೈಮಿಗೆ. ಇಂಥವನನ್ನು ಏನೆನ್ನಬೇಕು ಹೇಳಿ? ಮನುಷ್ಯ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಒಂದು ವಾರ ಅವನೊಂದಿಗೆ ಮಾತು ಬಿಟ್ಟೆ. ಅವನಿಗದು ತಿಳಿಯಲೇ ಇಲ್ಲ. ನಮ್ಮಿಬ್ಬರಲ್ಲಿ ಮಾತಾಡುವವನು ಮೊದಲಿನಿಂದಲೂ ಅವನೊಬ್ಬನೇ ಆಗಿದ್ದನಲ್ಲ.

ಮಾರನೆಯ ವರ್ಷ ಸಿನಿಮಾ ಚಾಮರಾಜನಗರಕ್ಕೆ ಬಂತು. ಮಾವ ರಜೆ ಹಾಕಿ ನಮ್ಮನ್ನೆಲ್ಲ ಹೊರಡಿಸಿಕೊಂಡು ಹೋದ. ಪರದೆಯ ಮೇಲೆ ಇಬ್ಬರು ಚೆಲುವರು, ಎರಡು ಕೆಂಪು ಕಾರು. ಒಬ್ಬ ಹೀರೋ, ಇನ್ನೊಬ್ಬ ಅವನ ಹಳೆಯ ಸ್ನೇಹಿತ, ಈಗಿನ ವೈರಿ. ನಡುವೆ ಬಾವುಟ ಹಿಡಿದು ಕುಣಿಯುವ ಒಬ್ಬ ಹುಡುಗಿ. ಮಾವ ಹೆಜ್ಜೆ ಹೆಜ್ಜೆಗೂ ನನ್ನ ಪಕ್ಕೆಗೆ ತಿವಿದು, ಇದು ನಂದೇ, ಇದೂ ನಂದೇ ಎನ್ನುತ್ತಿದ್ದ. ಅತ್ತೆ ಸುಮ್ಮನೆ ಕೇಳಿದಳು:

“ನಿಮ್ದೇ ಕತೆ ಆದ್ರ, ಆ ಹುಡ್ಗಿ ಯಾರು?”

“ಅದ ಸಿನ್ಮಾದೋರು ಸೇರ್ಸವ್ರೆ.”

“ತಲ ಮೇಲ ಕೂದ್ಲೂ ಸೇರ್ಸವ್ರೆ ಬುಡಿ.”

ಸಿನಿಮಾ ನೋಡಿ ಬಂದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಮಂಕಿ ಕ್ಯಾಪು ಹಾಕಿಕೊಂಡು ಬಸ್ಸು ಓಡಿಸತೊಡಗಿದ, ಹೆಲ್ಮೆಟ್ಟಿನ ಬದಲಿಗಂತೆ. ರೇಸಿನ ಕಾರಿಗೆ ನಂಬರ್ ಇರುತ್ತದೆ ಎಂದು ಬಸ್ಸಿನ ಮೈಮೇಲೆ ದೊಡ್ಡದಾಗಿ ಏಳು ಎಂದು ಬರೆಸಿದ. ಹಳ್ಳಿಯ ಹೆಂಗಸರು ಬಸ್ಸಿನ ಹೊತ್ತು ಬದಲಾಗಿದೆ ಎಂದು ತಿಳಿದು ಏಳು ಗಂಟೆಗೇ ಮೊಸರಿನ ಮಡಕೆ ಹೊತ್ತು ಬಂದು ನಿಂತರು. ಎಂಟೂವರೆಗೆ ನಮ್ಮ ಬಸ್ಸು ತಲುಪಿದಾಗ ಅವರು ಮಾವನಿಗೆ ಮಾಡಿದ ಸಹಸ್ರನಾಮಾರ್ಚನೆಯನ್ನು ಕೇಳಿ, ಬಸ್ಸಿನ ಮಾಲೀಕರು ಅದೇ ವಾರ ನೀಲಿ ಬಣ್ಣ ಬಳಿಸಿ ಏಳನ್ನು ಅಳಿಸಿದರು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮ ಬಸ್ಸು ಚಾಮರಾಜನಗರದಲ್ಲಿ ಸಾಯಂಕಾಲ ಒಂದು ಗಂಟೆ ನಿಲ್ಲುತ್ತಿತ್ತು. ಮ್ಯಾಟಿನಿ ಮುಗಿಯುವುದೂ ಅದೇ ಹೊತ್ತಿಗೆ. ಮಾವ ಥಿಯೇಟರಿನ ಗೇಟಿನವನನ್ನು ಹೇಗೋ ಒಲಿಸಿಕೊಂಡು, ದಿನಾ ಹೋಗಿ ಕೊನೆಯ ರೀಲು ಮಾತ್ರ ನೋಡಿ ಬರತೊಡಗಿದ. ಹೀರೋ ಗೆಲ್ಲುತ್ತಾನಲ್ಲ, ಆ ರೀಲು. ದಿನಕ್ಕೊಂದು ಸಲ ತಾನು ಗೆಲ್ಲುವುದನ್ನು ತಾನೇ ನೋಡಿಕೊಂಡು ಬರುವವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಸತ್ತವನ ಮೇಲೂ ಗೆಲ್ಲಬೇಕೇ? ಅವನು ಥಿಯೇಟರಿನ ಕಡೆ ಹೆಜ್ಜೆ ಹಾಕುವುದನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು.

ಮೂರನೆಯ ವಾರ, ಸಿನಿಮಾ ಎತ್ತಿಬಿಡುವ ದಿನ. ಹೊರಡುವ ಟೈಮು ಮೀರಿದರೂ ಮಾವ ಬರಲಿಲ್ಲ. ಜನ ಬಸ್ಸಿನ ತಗಡು ಬಡಿಯತೊಡಗಿದರು. ಕಂಡಕ್ಟರು ನನ್ನನ್ನೇ ಅಟ್ಟಿದ. ಇವತ್ತು ನಾಲ್ಕು ಮಾತು ಆಡಿಯೇ ಬಿಡುವುದೆಂದು ನಾನೂ ಕಾಲು ಬೀಸಿ ಹೋದೆ.

ಒಳಗೆ ಇಪ್ಪತ್ತು ಜನರಿದ್ದರೆ ಹೆಚ್ಚು. ಮಾವ ಹಿಂದಿನ ಸಾಲಿನ ತುದಿಯಲ್ಲಿ ಮಂಕಿ ಕ್ಯಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪರದೆಯ ಮೇಲೆ ರೇಸು ಮುಗಿದು ಜನ ಹೀರೋವನ್ನು ಹೆಗಲ ಮೇಲೆ ಹೊತ್ತಿದ್ದರು. ನಾನು ಅವನ ತೋಳು ಹಿಡಿದು ಜಗ್ಗಿದೆ. ನೀನು ಗೆದ್ದದ್ದು ಸಾಕು, ಏಳು, ಜನ ಕಾಯ್ತಾ ಇದ್ದಾರೆ ಎಂದೆ.

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. “ಗೆದ್ದೋನ ನಾ ಯಾಕ್ಲಾ ನೋಡ್ಲಿ?” ಅಂದ.

ಮತ್ತೇನು ನೋಡುತ್ತೀಯ ಎಂದು ಕೇಳಿದೆ. ಆಗ ಪರದೆಯ ಒಂದು ಮೂಲೆಯಲ್ಲಿ ಆ ಇನ್ನೊಬ್ಬ, ಸೋತವನು, ಕಾರಿನಿಂದ ಇಳಿದ. ಇಡೀ ಮೈದಾನ ದಾಟಿ ಒಬ್ಬನೇ ನಡೆದು ಬರತೊಡಗಿದ.

“ಅವ್ನು ಕಣ್ಲಾ ನಾನು,” ಅಂದ ಮಾವ. “ನೋಡು, ಎಂಗ ಓಯ್ತಾವ್ನೆ. ಅಷ್ಟು ಜನದ ಮುಂದ, ತಲ ಬಗ್ಗುಸ್ಕಂಡು, ತಾನಾಗೇ ಓಯ್ತಾವ್ನೆ.”

ಸೋತವನು ಹೋಗಿ ಸ್ನೇಹಿತನ ಎದುರು ನಿಂತ. ಹೀರೋ ಜನರ ಹೆಗಲಿನಿಂದ ಇಳಿದು ಅವನನ್ನು ತಬ್ಬಿಕೊಂಡ. ಮಾವನ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. 

“ಮೈಸೂರು ಏನ್ಲಾ ದೂರ?” ಅಂದ. “ಒಂದೂವರೆ ಗಂಟೆ ದಾರಿ. ಅಷ್ಟು ದೂರ ಓಗಕ್ಕ ನನ್ ಕೈಲಿ ಆಗ್ನಿಲ್ಲ.”

ಇಷ್ಟು ದಿನ ಇವನನ್ನು ನೋಡಿ ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು. ಪಕ್ಕದ ಕುರ್ಚಿ ಬಿಡಿಸಿ ಅವನ ಹತ್ತಿರ ಕೂತೆ. ದೀಪ ಹತ್ತಿತು, ಜನ ಎದ್ದು ಹೋದರು. ಗೇಟಿನವನು ಬಂದು ಬಾಗಿಲ ಬಳಿ ನಿಂತ. ಹೊರಗೆ ನಮ್ಮ ಕಂಡಕ್ಟರು ಹೆಸರು ಹಿಡಿದು ಕೂಗುತ್ತಿದ್ದ. ಮಾವ ಖಾಲಿ ಪರದೆಯನ್ನು ನೋಡುತ್ತ ಕೂತೇ ಇದ್ದ. ನಾನೂ ಅವನನ್ನು ಏಳಿಸಲಿಲ್ಲ.